ಬೆಳ್ಳಿಮೋಡ: ಇಷ್ಟು ದಿನ ಯಾಕೆ ನೋಡಿರಲಿಲ್ಲ?

ಹಳೇ ಕಪ್ಪು-ಬಿಳುಪು ಸಿನಿಮಾಗಳ ಹಾಡು ನಮಗೆ ಬಾಯಿಪಾಠ. ಕಥೆ ಮಾತ್ರ ಗೊತ್ತಿರುವುದಿಲ್ಲ, ಅಲ್ವಾ? ನನಗೆ 'ಬೆಳ್ಳಿಮೋಡ' ಅಂದರೆ 'ಮೂಡಲ ಮನೆಯಾ' ಹಾಡು, ಅಷ್ಟೇ. ಬೇಂದ್ರೆಯವರ ಕವಿತೆ, ವಿಜಯಭಾಸ್ಕರ್ ಸಂಗೀತ. ಆ ಹಾಡಿಗೋಸ್ಕರ ಸುಮ್ನೆ ಸಿನಿಮಾ ಹಾಕಿದೆ. ಮುಗಿಯುವವರೆಗೂ ಎದ್ದೇಳಲಿಲ್ಲ.

1967ರ ಸಿನಿಮಾ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲನೆಯದು. ತ್ರಿವೇಣಿಯವರ ಕಾದಂಬರಿ ಆಧರಿಸಿದ್ದು. ಕಥೆ ಹೇಳಿಬಿಡುತ್ತೇನೆ, ಅರ್ಧ ಶತಮಾನ ದಾಟಿದ ಸಿನಿಮಾಕ್ಕೆ ಸ್ಪಾಯ್ಲರ್ ಕೊಟ್ಟೆ ಅಂತ ಬೈಯಬೇಡಿ.

ಇಂದಿರಾ ಶ್ರೀಮಂತರ ಒಬ್ಬಳೇ ಮಗಳು. ಮೋಹನ್ ಜೊತೆ ಮದುವೆ ಗೊತ್ತಾಗಿದೆ. ಅವನು ಓದಲು ವಿದೇಶಕ್ಕೆ ಹೋಗುತ್ತಾನೆ, ದುಡ್ಡು ಮಾವ ಆಗಬೇಕಾದವರದ್ದು. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ವಾರಸುದಾರ ಬಂದಾಯಿತು! ಮೋಹನನಿಗೆ ಈಗ ಹುಡುಗಿ ಬೇಡ. ವಿಲನ್ ಇಲ್ಲ, ಹೊಡೆದಾಟ ಇಲ್ಲ. ಒಂದು ಕೂಸು ಹುಟ್ಟಿದ್ದಕ್ಕೇ ಒಬ್ಬ ಮನುಷ್ಯನ ಬಣ್ಣ ಬಯಲಾಗುತ್ತದೆ.

ಆಮೇಲೆ ಅವನು ಬಿದ್ದು ಗಾಯ ಮಾಡಿಕೊಳ್ಳುತ್ತಾನೆ. ಆರೈಕೆ ಮಾಡುವವಳು ಅದೇ ಇಂದಿರಾ. ನನಗೆ ತುಂಬಾ ಇಷ್ಟವಾದದ್ದು ಈ ಭಾಗ. ಇಂದಿರಾ ಪಾತ್ರ ಮಾಡಿರುವ ಕಲ್ಪನಾ ಇಲ್ಲಿ ಅತ್ತು ಕರೆದು ಮಾಡುವುದಿಲ್ಲ. ಮಾತು ಕಡಿಮೆ. ಅವಳು ಇವನನ್ನು ಕ್ಷಮಿಸಿದಳಾ, ಇಲ್ಲವಾ ಅಂತ ನಾವು ಮುಖ ನೋಡುತ್ತಾ ಕೂರಬೇಕು. ಮೋಹನ್ ಮನಸ್ಸು ಬದಲಾಯಿಸಿ ಮದುವೆಗೆ ಸಿದ್ಧನಾದಾಗ ಉತ್ತರ ಸಿಗುತ್ತದೆ. ಬೇಡ ಅನ್ನುತ್ತಾಳೆ! ಆ ಕಾಲದ ನಾಯಕಿ ಕೊನೆಗೆ ತಾಳಿಗೆ ತಲೆ ಬಾಗಿಸುತ್ತಾಳೆ ಅಂದುಕೊಂಡು ಕೂತಿದ್ದೆ.

ಹಾಸ್ಯದ ದೃಶ್ಯಗಳು ಸ್ವಲ್ಪ ಎಳೆದ ಹಾಗಿವೆ. ಇರಲಿ, ಅವು ಬಂದಾಗ ನೀರು ಕುಡಿದು ಬರಬಹುದು.

ಕಾದಂಬರಿ ಓದಿದವರು ಸಿನಿಮಾ ಹಾಗಿಲ್ಲ, ಹೀಗಿಲ್ಲ ಅನ್ನುವುದು ಮಾಮೂಲಿ. ಮೊದಲು ಸಿನಿಮಾ ನೋಡಿದವರಿಗೆ ಆ ತಲೆನೋವಿಲ್ಲ. ನಾನು ಕಾದಂಬರಿ ಓದಿದ್ದು ಸಿನಿಮಾ ನೋಡಿದ ಮೇಲೆ, ಹಾಗಾಗಿ ಕಥೆ ಎರಡು ಸಲ ಸಿಕ್ಕಿದ ಹಾಗಾಯಿತು. ತ್ರಿವೇಣಿ ಮನಶ್ಶಾಸ್ತ್ರ ಓದಿದವರು. ಅವರ ಪುಸ್ತಕ ತೆರೆದರೆ ಇಂದಿರಾಳ ಮನಸ್ಸಿನೊಳಗೇ ಹೋಗಿ ಕೂರುತ್ತೇವೆ. ಪರದೆಯ ಮೇಲೆ ಅವಳು ಸುಮ್ಮನಿದ್ದಾಗ ಏನು ಯೋಚಿಸುತ್ತಿದ್ದಳೋ ಅನ್ನುವ ನನ್ನ ಕುತೂಹಲಕ್ಕೆ ಅಲ್ಲಿ ಮೇವು ಸಿಕ್ಕಿತು.

ಒಂದು ಬೇಜಾರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ತಮ್ಮ ಇಂದಿರಾಳನ್ನು ಪರದೆಯ ಮೇಲೆ ಅವರು ನೋಡಲೇ ಇಲ್ಲ. 1971ರ 'ಶರಪಂಜರ'ವನ್ನೂ ನೋಡಲಿಲ್ಲ. ಅದೂ ಅವರದೇ ಕಾದಂಬರಿ, ಅದೇ ಪುಟ್ಟಣ್ಣ, ಅದೇ ಕಲ್ಪನಾ. ನನ್ನ ಮುಂದಿನ ಸಿನಿಮಾ ಅದೇ. ಪುಸ್ತಕ ಮಾತ್ರ ಆಮೇಲೆ, ಯಾರು ಏನೇ ಹೇಳಲಿ.