‘ನೀನೇ ಒಪ್ಪಿ ಹೋಗಿದ್ದಿಲ್ಲೇನು?’

[ದೃಶ್ಯ: ಕಲಬುರಗಿ ರೈಲು ನಿಲ್ದಾಣ, ಸಂಜೆ. ಪ್ಲಾಟ್‌ಫಾರ್ಮಿನ ಮೇಲೆ ಚೀಲ, ಗಂಟು, ಸ್ಟೀಲಿನ ಕೊಡ. ಯಾರ ಮುಖವೂ ಕಾಣಬಾರದು.]

ನಮಸ್ಕಾರ್ರಿ.

ತೊಗರಿ ರಾಶಿ ಮುಗಿದು ಹೊಲ ಖಾಲಿ ಆದ ಮೇಲೆ ನಮ್ಮ ಕಲಬುರಗಿ ಸ್ಟೇಷನ್ನಿಗೆ ಒಂದು ಸಂಜೆ ಬಂದು ನಿಂತು ನೋಡ್ರಿ. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಂದ, ತಾಂಡಾಗಳಿಂದ ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಮುಂಬೈ, ಪುಣೆ ಕಡೆಯ ಗಾಡಿ ಕಾಯ್ತಿರ್ತಾರೆ. ಗುಳೆ ಹೊರಟವರು. ಇವರನ್ನ ನೋಡಿ ಯಾರೂ ‘ಮಾನವ ಸಾಗಾಣಿಕೆ’ ಅನ್ನಬಾರದು. ದುಡಿಯೋಕೆ ಊರು ಬಿಡೋದು ಅಪರಾಧ ಅಲ್ಲ, ಅದು ಹಕ್ಕು. ಮೊದಲೇ ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಸಾಗಾಣಿಕೆ ಅಂದ ಕೂಡಲೇ ‘ಹೆಣ್ಣುಮಕ್ಕಳನ್ನ ಹೊರಗೆ ಕಳಿಸಬೇಡಿ’ ಅನ್ನೋ ಉಪದೇಶ ಶುರುವಾಗುತ್ತೆ. ಕೊನೆಗೆ ಅದು ಬಾಲ್ಯವಿವಾಹಕ್ಕೆ ಬಂದು ನಿಲ್ಲುತ್ತೆ.

ಆದರೆ ಅದೇ ಗುಂಪಿನೊಳಗೆ, ತನ್ನವರಲ್ಲದ ಒಬ್ಬ ಹೆಂಗಸಿನ ಜೊತೆ ಕೂತ ಹುಡುಗಿಯೂ ಇರಬಹುದು. ಕೈಗೆ ಹಗ್ಗ ಇರಲ್ಲ. ಅಳ್ತಾ ಇರಲ್ಲ. ಹೊಸ ಚೂಡಿದಾರ ಹಾಕ್ಕೊಂಡು ನಗ್ತಾ ಇರಬಹುದು.

ಅಂಥ ಒಬ್ಬಳ ಕಥೆ ಹೇಳ್ತೀನಿ. ಇದು ಯಾವುದೋ ಒಬ್ಬ ಹುಡುಗಿಗೆ ನಡೆದದ್ದಲ್ಲ, ವಿಷಯ ಅರ್ಥ ಆಗಲಿ ಅಂತ ನಾನು ಕಟ್ಟಿದ್ದು. ಅದಕ್ಕೇ ಹೆಸರೂ ಇಟ್ಟಿಲ್ಲ. ಯಾದಗಿರಿ ಕಡೆಯ ಒಂದು ತಾಂಡಾ. ಹುಡುಗಿಗೆ ಹದಿನೇಳು. ಒಂಬತ್ತನೇ ಕ್ಲಾಸಿಗೇ ಶಾಲೆ ನಿಂತಿದೆ, ಅಪ್ಪನ ತಲೆ ಮೇಲೆ ಸಾಲ. ಊರಿಗೆ ಗೊತ್ತಿರೋ ಒಬ್ಬ ಹೆಂಗಸು ಬರ್ತಾಳೆ, ಕೂತು ಚಹಾ ಕುಡೀತಾಳೆ.

‘ಪುಣಾದಾಗ ಒಂದ್ ಮನಿ ಅದ ಯಕ್ಕಾ. ಬರೇ ಕೂಸಿನ ನೋಡ್ಕೊಂಡಿರೋದು. ತಿಂಗಳಿಗಿ ಹನ್ನೆರಡು ಸಾವಿರ ಕೊಡ್ತಾರ. ಉಣ್ಣಾದು, ಮಲಗಾದು ಎಲ್ಲ ಅವರ ಕಡೀನೇ.’

ಅಪ್ಪನ ಕೈಗೆ ಇಪ್ಪತ್ತು ಸಾವಿರ ಅಡ್ವಾನ್ಸ್ ಬರುತ್ತೆ. ಹುಡುಗಿ ‘ಹೂಂ’ ಅಂತಾಳೆ. ಪುಣೆಗೆ ಹೋದರೆ ಅಲ್ಲಿ ಕೂಸೂ ಇಲ್ಲ, ಮನೆಯೂ ಇಲ್ಲ. ಅಲ್ಲಿ ಏನಿತ್ತು ಅಂತ ನಾನು ಬಿಡಿಸಿ ಹೇಳಲ್ಲ, ನಿಮಗೆ ಗೊತ್ತಾಗಿದೆ. ಎಂಟು ತಿಂಗಳ ಮೇಲೆ ಹೇಗೋ ಬಿಡಿಸಿಕೊಂಡು ವಾಪಸ್ ಬರ್ತಾಳೆ. ಸೋದರಮಾವ, ಪಕ್ಕದ ಮನೆಯವರು, ಠಾಣೆಯಲ್ಲಿ ಬರೆದುಕೊಳ್ಳೋರು, ಎಲ್ಲರೂ ಕೇಳೋದು ಒಂದೇ ಮಾತು.

‘ನೀನೇ ಒಪ್ಪಿ ಹೋಗಿದ್ದಿಲ್ಲೇನು? ಯಾರರೆ ಹೊತ್ಕೊಂಡ್ ಹೋಗಿದ್ರೇನು?’

ಇವತ್ತಿನ ವಿಡಿಯೋ ಪೂರ್ತಿ ಈ ಒಂದು ಪ್ರಶ್ನೆಯ ಬಗ್ಗೆ. ಯಾಕಂದರೆ ಜಗತ್ತಿನ ದೇಶಗಳು ನೂರಿಪ್ಪತ್ತು ವರ್ಷದಿಂದ ಕೂತು ಜಗ್ಗಾಡಿದ್ದೂ ಇದನ್ನೇ.

[ದೃಶ್ಯ: ಹಳೆಯ ನಕ್ಷೆ. ಪ್ಯಾರಿಸ್ ಮೇಲೆ ಒಂದು ಚುಕ್ಕಿ. ಪರದೆ ಮೇಲೆ: 1904]

1904ರ ಮೇ ತಿಂಗಳು, ಪ್ಯಾರಿಸ್. ಹೆಂಗಸರ ಮಾರಾಟ ತಡೆಯೋಕೆ ದೇಶ ದೇಶಗಳ ನಡುವೆ ಮೊದಲ ಒಪ್ಪಂದ ಆಗುತ್ತೆ. ಅದರ ಹೆಸರಲ್ಲೇ ‘ಬಿಳಿ ಗುಲಾಮರ ವ್ಯಾಪಾರ’ ಅಂತಿತ್ತು. ಯುರೋಪಿನ ಹೆಣ್ಣುಮಕ್ಕಳನ್ನ ಪರದೇಶಕ್ಕೆ ಸಾಗಿಸ್ತಾರೆ ಅನ್ನೋದು ಅವರ ಚಿಂತೆ. ನಮ್ಮಂಥ ಬಣ್ಣದವರಿಗೆ ಆ ಹೆಸರಿನೊಳಗೆ ಜಾಗವೇ ಇರಲಿಲ್ಲ. ಆದರೂ ಅದರಲ್ಲಿದ್ದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ರೈಲು ನಿಲ್ದಾಣಗಳಲ್ಲಿ, ಬಂದರುಗಳಲ್ಲಿ, ದಾರಿಯಲ್ಲಿ ಕಾವಲು ಇಡಬೇಕು ಅಂತ. ಇವತ್ತು ರೈಲ್ವೆ ರಕ್ಷಣಾ ದಳದವರು ಬೋಗಿ ಹತ್ತಿ ‘ಈ ಹುಡುಗಿ ನಿನಗೇನಾಗಬೇಕು?’ ಅಂತ ಕೇಳ್ತಾರಲ್ಲ, ಅದರ ಬೇರು ಅಷ್ಟು ಹಿಂದಿನದು.

1910ರ ಇನ್ನೊಂದು ಒಪ್ಪಂದ ‘ಒಪ್ಪಿಗೆ’ಯನ್ನ ನೇರವಾಗಿ ಹಿಡೀತು. 20 ವರ್ಷದೊಳಗಿನ ಹುಡುಗಿ ಒಪ್ಪಿದ್ದರೂ ಸಾಗಿಸಿದವನಿಗೆ ಶಿಕ್ಷೆ. ಅದಕ್ಕಿಂತ ದೊಡ್ಡವಳಾದರೆ ಮೋಸವೋ ಬಲವಂತವೋ ಆಗಿರಬೇಕು. 1921ರಲ್ಲಿ, ಇವತ್ತಿನ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘ ‘ಬಿಳಿ’ ಅನ್ನೋ ಪದ ಬಿಟ್ಟು ‘ಮಹಿಳೆಯರು ಮತ್ತು ಮಕ್ಕಳು’ ಅಂತ ಬರೀತು, ವಯಸ್ಸನ್ನ 21ಕ್ಕೆ ಏರಿಸ್ತು. ಆಗ ನಮ್ಮನ್ನಾಳುತ್ತಿದ್ದ ಬ್ರಿಟಿಷ್ ಇಂಡಿಯಾ ಸರ್ಕಾರ ಏನು ಮಾಡಿತು ಗೊತ್ತಾ? ಸಹಿ ಹಾಕ್ತಾ ಒಂದು ಷರತ್ತು ಸೇರಿಸಿತು. 21ರ ಬದಲು 16 ಅಂತ ಇಟ್ಟುಕೊಳ್ಳೋ ಹಕ್ಕು ತನಗಿರಲಿ ಅಂತ. ಬೇರೆಡೆ 21ರ ತನಕ ಹುಡುಗಿ, ಇಲ್ಲಿ 16 ತುಂಬಿದರೆ ಹೆಂಗಸು. ಇದನ್ನ ಓದಿದ ದಿನ ನನಗೆ ತಡೆಯಲಾರದ ಸಿಟ್ಟು ಬಂದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟವನ್ನ, ಬಿಟ್ಟಿ ದುಡಿಮೆಯನ್ನ ನಿಷೇಧಿಸಿತು. ವಿಶ್ವಸಂಸ್ಥೆಯ 1949ರ ಒಪ್ಪಂದಕ್ಕೆ ಭಾರತ 1950ರ ಮೇ 9ರಂದು ಸಹಿ ಹಾಕಿತು. ಅದರ ಫಲವಾಗಿಯೇ 1956ರ ಕಾಯ್ದೆ ಬಂತು. ಈಗ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಅಂತೀವಲ್ಲ, ಅದೇ. ಆದರೆ 1949ರ ಒಪ್ಪಂದ ನೋಡಿದ್ದು ವೇಶ್ಯಾವಾಟಿಕೆಯನ್ನ ಮಾತ್ರ. ಮನೆಗೆಲಸಕ್ಕೆ ಅಂತ ಕೂಡಿಹಾಕಿದವಳು, ಮದುವೆ ಹೆಸರಲ್ಲಿ ಮಾರಿಹೋದವಳು, ಭಟ್ಟಿಯಲ್ಲಿ ಇಟ್ಟಿಗೆ ಹೊರೋಳು, ಇವರು ಯಾರೂ ಅದರ ಕಣ್ಣಿಗೆ ಬೀಳಲಿಲ್ಲ.

[ಪರದೆ ಮೇಲೆ: ಪಲೆರ್ಮೊ, 2000]

ದಿಕ್ಕು ಬದಲಾಗಿದ್ದು 2000ದಲ್ಲಿ. ಆ ನವೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆ ಮಾನವ ಸಾಗಾಣಿಕೆ ತಡೆಯೋ ಒಂದು ದಸ್ತಾವೇಜನ್ನ ಒಪ್ಪಿತು. ಮುಂದಿನ ತಿಂಗಳು ಇಟಲಿಯ ಪಲೆರ್ಮೊದಲ್ಲಿ ಸಹಿಗೆ ಇಟ್ಟರು, ಹಾಗಾಗಿ ಪಲೆರ್ಮೊ ಪ್ರೋಟೋಕಾಲ್ ಅಂತ ಹೆಸರು. ಮಾಫಿಯಾ ಕೈಯಲ್ಲಿ ನಲುಗಿದ ಊರದು. ಮಾಫಿಯಾ ವಿರುದ್ಧ ನಿಂತ ನ್ಯಾಯಾಧೀಶ ಜೊವಾನ್ನಿ ಫಾಲ್ಕೋನೆ ಅವರನ್ನ 1992ರಲ್ಲಿ ಅದೇ ಊರಿನ ಹತ್ತಿರ ಬಾಂಬಿಟ್ಟು ಕೊಂದಿದ್ದರು.

ಈ ಪ್ರೋಟೋಕಾಲ್ ಹುಡುಗಿಯನ್ನ ಕೇಳೋ ಪ್ರಶ್ನೆ ಬಿಟ್ಟು, ಕರೆದುಕೊಂಡು ಹೋದವರಿಗೆ ಮೂರು ಪ್ರಶ್ನೆ ಹಾಕುತ್ತೆ. ಏನು ಮಾಡಿದೆ? ಹೇಗೆ ಮಾಡಿದೆ? ಯಾತಕ್ಕೆ ಮಾಡಿದೆ?

ನಮ್ಮ ತಾಂಡಾದ ಹುಡುಗಿಗೇ ಹಚ್ಚಿ ನೋಡೋಣ. ಏನು ಮಾಡಿದರು? ಕೆಲಸಕ್ಕೆ ಅಂತ ಗೊತ್ತುಮಾಡಿದರು, ಗಾಡಿ ಹತ್ತಿಸಿದರು, ಅಲ್ಲಿ ಇನ್ನೊಬ್ಬರಿಗೆ ಒಪ್ಪಿಸಿದರು. ಆ ಹೆಂಗಸು, ಟಿಕೆಟ್ ತೆಗೆಸಿದವನು, ರೂಮು ಕೊಟ್ಟವನು ಎಲ್ಲರೂ ಇದರೊಳಗೆ ಬರ್ತಾರೆ. ಹೇಗೆ ಮಾಡಿದರು? ಇಲ್ಲದ ಕೆಲಸ ಇದೆ ಅಂದರು, ಅದು ಮೋಸ. ಅಪ್ಪನ ಕೈಗೆ ಇಪ್ಪತ್ತು ಸಾವಿರ ಇಟ್ಟರು. ಒಬ್ಬರ ಮೇಲೆ ಹಿಡಿತ ಇರೋರಿಗೆ ದುಡ್ಡು ಕೊಟ್ಟು ಒಪ್ಪಿಸೋದು ಅಂತ ಪ್ರೋಟೋಕಾಲಿನಲ್ಲೇ ಬರೆದಿದೆ. ಆಕೆಯ ಅಸಹಾಯಕ ಸ್ಥಿತಿಯನ್ನ ಬಳಸಿಕೊಂಡರು, ಅದೂ ಬರೆದಿದೆ. ಯಾತಕ್ಕೆ? ಆಕೆಯ ಮೈಯಿಂದ, ದುಡಿಮೆಯಿಂದ ತಾವು ದುಡ್ಡು ಮಾಡೋಕೆ.

ಇಂಥ ದಾರಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಲೆಕ್ಕಕ್ಕೇ ಬರಲ್ಲ. ಇನ್ನು 18 ತುಂಬದವರ ವಿಷಯದಲ್ಲಿ ‘ಹೇಗೆ ಮಾಡಿದೆ’ ಅನ್ನೋ ಪ್ರಶ್ನೆಯೂ ಬೇಕಿಲ್ಲ. ಮೋಸ ಮಾಡದೆ, ಹೊಡೆಯದೆ, ನಗುನಗ್ತಾ ಕರೆದೊಯ್ದಿದ್ದರೂ ಅದು ಸಾಗಾಣಿಕೆಯೇ. ನಮ್ಮ ಹುಡುಗಿಗೆ ಹದಿನೇಳು ಅನ್ನೋದನ್ನ ನೆನಪಿಡಿ.

ಭಾರತ 2002ರ ಡಿಸೆಂಬರಿನಲ್ಲಿ ಸಹಿ ಹಾಕಿತು, ಅನುಮೋದಿಸಿದ್ದು 2011ರ ಮೇ ತಿಂಗಳಲ್ಲಿ. ಆ ಸಹಿಗೂ ಮೊದಲೇ, 2002ರ ಜನವರಿಯಲ್ಲಿ, ಕಾಠ್ಮಂಡುವಿನಲ್ಲಿ ಸಾರ್ಕ್ ಅಂದರೆ ದಕ್ಷಿಣ ಏಷ್ಯಾದ ದೇಶಗಳೂ ಒಂದು ಒಪ್ಪಂದ ಮಾಡಿಕೊಂಡವು, ಆದರೆ ಅದು ಮತ್ತೆ ವೇಶ್ಯಾವಾಟಿಕೆಯ ಸಾಗಾಣಿಕೆಗಷ್ಟೇ ನಿಂತಿತು. ನಮ್ಮ ದಂಡಸಂಹಿತೆಗೆ ಪಲೆರ್ಮೊದ ಮಾತು ಬಂದದ್ದು 2013ರಲ್ಲಿ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತಲ್ಲ, ಅದರ ಬೆನ್ನಿಗೆ ಕಲಂ 370 ಹೊಸದಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 143. ಸಾಗಿಸಿದ್ದು ಮಗುವನ್ನಾದರೆ ಕನಿಷ್ಠ 10 ವರ್ಷ, ಹೆಚ್ಚೆಂದರೆ ಜೀವಾವಧಿ. ಆ ಕಲಂನ ವಿವರಣೆ 2ರಲ್ಲಿ ಇದೆ: ಸಂತ್ರಸ್ತರ ಒಪ್ಪಿಗೆ ಗಣನೆಗೆ ಬರುವುದಿಲ್ಲ.

ಅಂದರೆ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಸಿಕ್ಕಿ ಹತ್ತು ವರ್ಷದ ಮೇಲಾಯಿತು.

ಎರಡು ಕೊರತೆ ಮಾತ್ರ ನನ್ನನ್ನ ಚುಚ್ಚುತ್ತೆ. ‘ಅಸಹಾಯಕ ಸ್ಥಿತಿಯ ದುರ್ಬಳಕೆ’ ಅಂತ ಪಲೆರ್ಮೊದಲ್ಲಿ ಇದ್ದದ್ದು ನಮ್ಮ ಕಲಂನಲ್ಲಿ ಇಲ್ಲ. ಶೋಷಣೆಯ ಪಟ್ಟಿಯಲ್ಲಿ ‘ಬಲವಂತದ ದುಡಿಮೆ’ ಅಂತಲೂ ಹೆಸರಿಟ್ಟು ಬರೆದಿಲ್ಲ. ನಮ್ಮ ಭಾಗದ ಕಣ್ಣಿನಿಂದ ನೋಡಿದರೆ ಇವೇ ಮುಖ್ಯವಾದವು. ಇಲ್ಲಿ ಯಾರೂ ಚಾಕು ತೋರಿಸಿ ಕರೆದೊಯ್ಯಲ್ಲ. ಮಳೆ ಕೈಕೊಟ್ಟಿರುತ್ತೆ, ಸಾಲದವರು ಬಾಗಿಲಿಗೆ ಬಂದಿರ್ತಾರೆ, ಗಂಡ ಬಿಟ್ಟು ಹೋಗಿರ್ತಾನೆ. ‘ವರದಕ್ಷಿಣೆ ಬೇಡ, ಮದುವೆ ಖರ್ಚೂ ನಮ್ಮದೇ’ ಅಂತ ದೂರದ ರಾಜ್ಯದಿಂದ ಒಂದು ಸಂಬಂಧ ಬಂದರೆ ನಾಲ್ಕು ಹೆಣ್ಣುಮಕ್ಕಳ ತಂದೆ ಹೇಗೆ ಬೇಡ ಅಂತಾನೆ? ಚಾಕು ಆ ಬಡತನವೇ.

ದೇವದಾಸಿ ಪದ್ಧತಿಯ ಮಾತು ತೆಗೆಯದೆ ಈ ಭಾಗದಲ್ಲಿ ಇದನ್ನ ಮುಗಿಸೋಕೆ ಆಗಲ್ಲ. ದೇವದಾಸಿ ಮಾಡೋಕೆ ಹುಡುಗಿಯ ಕೊರಳಿಗೆ ಮುತ್ತು ಕಟ್ಟೋದನ್ನ ಮುಂಬೈ ಪ್ರಾಂತ್ಯ 1934ರಲ್ಲೇ ನಿಷೇಧಿಸಿತು, ಮದ್ರಾಸು 1947ರಲ್ಲಿ. ಆಗ ಕಲಬುರಗಿ, ಬೀದರ್ ಇದ್ದದ್ದು ನಿಜಾಮರ ಹೈದರಾಬಾದಿನಲ್ಲಿ. ಆ ಎರಡೂ ಕಾನೂನು ನಮ್ಮ ಗಡಿಯ ಆಚೆಗೇ ನಿಂತವು. ಇಡೀ ಕರ್ನಾಟಕಕ್ಕೆ ಒಂದು ಕಾನೂನು ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಎಳೆಯ ಹುಡುಗಿಗೆ ‘ನೀನೇ ಒಪ್ಪಿದ್ದಿಲ್ಲೇನು’ ಅಂತ ಯಾರಾದರೂ ಕೇಳೋಕೆ ಬಾಯಿ ಬರುತ್ತಾ? ಕೇಳಿದ್ದಾರೆ.

[ದೃಶ್ಯ: ಮುಚ್ಚಿದ ಪಾಸ್‌ಪೋರ್ಟ್. ಅದರ ಮೇಲೆ ಯಾರದೋ ಕೈ.]

ಇನ್ನು ಕೊಲ್ಲಿ ದೇಶ. ಹತ್ತನೇ ಕ್ಲಾಸು ಪಾಸಾಗದವರಿಗೆ ಸಾಮಾನ್ಯವಾಗಿ ಸಿಗೋದು ಇಸಿಆರ್, ಅಂದರೆ ‘ವಲಸೆ ತಪಾಸಣೆ ಬೇಕು’ ಅನ್ನೋ ಪಾಸ್‌ಪೋರ್ಟ್. ಸೌದಿ, ಕುವೈತ್, ಒಮಾನ್ ಸೇರಿ 18 ದೇಶಗಳಿಗೆ ದುಡಿಯೋಕೆ ಹೋಗಬೇಕಾದರೆ ಅವರು ಸರ್ಕಾರದ ಅನುಮತಿ ತಗೋಬೇಕು. ಮನೆಗೆಲಸಕ್ಕೆ ಹೋಗೋ ಹೆಣ್ಣುಮಗಳಿಗೆ 30 ತುಂಬಿರಬೇಕು. ಉದ್ದೇಶ ರಕ್ಷಣೆಯೇ. ಆದರೆ ಆಗೋದೇನು? ಅನುಮತಿ ಸಿಗದವಳಿಗೆ ಏಜೆಂಟ್ ‘ವಿಸಿಟ್ ವೀಸಾದಾಗ ಕಳಿಸ್ತೀನಿ’ ಅಂತಾನೆ. ಅಲ್ಲಿಗೆ ಆಕೆ ಕಾಗದದ ಮೇಲೆ ಕೆಲಸಗಾರ್ತಿಯೇ ಅಲ್ಲ. ಇಳಿದ ದಿನವೇ ಪಾಸ್‌ಪೋರ್ಟ್ ಮಾಲೀಕನ ಕೈಗೆ ಹೋಗುತ್ತೆ. ವಯಸ್ಸಿನ ಗೆರೆ ಹಾಕಿದ್ದರಿಂದ ಆಕೆ ಉಳಿಯಲಿಲ್ಲ, ಕತ್ತಲ ದಾರಿ ಹಿಡಿದಳು ಅಂತಲೇ ನಾನು ಅಂದುಕೊಂಡಿದ್ದೀನಿ. ಮನೆಗೆಲಸದವರಿಗೆ ರಜೆ, ಸಂಬಳ, ಕರಾರು ಕೊಡಿ ಅನ್ನೋ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಪ್ಪಂದವನ್ನ ಭಾರತ ಅನುಮೋದಿಸಿಲ್ಲ.

ಜಗತ್ತಿನ ಲೆಕ್ಕ ಚಿಕ್ಕದಾಗಿ ಹೇಳಿಬಿಡ್ತೀನಿ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿಯ 2024ರ ವರದಿ ಪ್ರಕಾರ, 2022ರಲ್ಲಿ ಪತ್ತೆಯಾದ ಸಂತ್ರಸ್ತರಲ್ಲಿ 100ಕ್ಕೆ 61 ಮಂದಿ ಮಹಿಳೆಯರು ಮತ್ತು ಹುಡುಗಿಯರು. ಇದು ಪತ್ತೆಯಾದವರದು ಮಾತ್ರ.

ಪಲೆರ್ಮೊದಲ್ಲೂ ಒಂದು ನೋವಿನ ಸಂಗತಿ ಇದೆ. ಅಪರಾಧಿಯನ್ನ ಹಿಡಿಯೋ, ಶಿಕ್ಷಿಸೋ ಮಾತು ಬಂದಾಗ ಅದರ ಭಾಷೆ ‘ಮಾಡಲೇಬೇಕು’ ಅನ್ನುತ್ತೆ. ಬಿಡಿಸಿ ತಂದ ಹೆಣ್ಣುಮಗಳಿಗೆ ಇರೋಕೆ ಜಾಗ, ಔಷಧ, ಕೆಲಸ ಅನ್ನೋ ಕಡೆ ಬಂದಾಗ ‘ಪರಿಶೀಲಿಸಬೇಕು’ ಅಂತ ಸಡಿಲ ಆಗುತ್ತೆ. ಅದೇ ಸಡಿಲ ನಮ್ಮ ಊರಿನಲ್ಲೂ ಕಾಣುತ್ತೆ. ಬಿಡಿಸಿದ ಸುದ್ದಿ ಪೇಪರಿನಲ್ಲಿ ಬರುತ್ತೆ. ಆರು ತಿಂಗಳಾದ ಮೇಲೆ ಆಕೆ ಹೇಗಿದ್ದಾಳೆ ಅಂತ ಯಾರೂ ಬರೆಯಲ್ಲ. ಸಂತ್ರಸ್ತರ ಮೇಲೆಯೇ ಕೇಸು ಹಾಕಬಾರದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2002ರಲ್ಲೇ ಹೇಳಿದೆ. ನಮ್ಮ 1956ರ ಕಾಯ್ದೆಯ ಕಲಂ 8 ಮಾತ್ರ ಗಿರಾಕಿ ಕರೆದಳು ಅಂತ ಆ ಹೆಂಗಸಿಗೇ ಶಿಕ್ಷೆ ಇಟ್ಟುಕೊಂಡು ಇವತ್ತಿಗೂ ಕೂತಿದೆ.

ಈಗ ನಮ್ಮ ಕೈಯಲ್ಲಿರೋ ಕೆಲಸ. ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ, ಮಹಿಳೆಯರ ಮತ್ತು ಮಕ್ಕಳ ಸಾಗಾಣಿಕೆ ತಡೆಯೋ ಕಾವಲು ಸಮಿತಿ ಇದೆಯಾ, ಕೊನೆಯ ಸಭೆ ಯಾವಾಗ ಆಯಿತು, ರಿಜಿಸ್ಟರ್ ತೋರಿಸಿ ಅಂತ ಕೇಳಿ. ಮಗು ಕಾಣೆಯಾದರೆ ‘ಎರಡು ದಿನ ನೋಡ್ರಿ, ಬರ್ತಾಳ’ ಅಂತ ಯಾರೇ ಅಂದರೂ ಕಾಯಬೇಡಿ. ಕಾಣೆಯಾದ ಮಗುವಿನ ದೂರು ಬಂದರೆ ಎಫ್‌ಐಆರ್ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಪುಣೆಯಲ್ಲಿ ನಡೆದದ್ದಕ್ಕೆ ಯಾದಗಿರಿಯಲ್ಲೂ ದೂರು ಕೊಡಬಹುದು, ಅದಕ್ಕೆ ಜೀರೋ ಎಫ್‌ಐಆರ್ ಅಂತಾರೆ. ವಕೀಲರು ಬೇಕಾದರೆ, ಪರಿಹಾರ ಕೇಳಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಸಾಗಾಣಿಕೆಗೆ ಸಿಕ್ಕವರಿಗೆ ವಕೀಲರು ಉಚಿತ.

ಠಾಣೆಗೆ ಆಕೆಯ ಜೊತೆ ಹೋಗುವಾಗ ಒಂದು ಚೀಟಿ ಬರೆದು ಇಟ್ಟುಕೊಳ್ಳಿ: ಭಾರತೀಯ ನ್ಯಾಯ ಸಂಹಿತೆ, ಕಲಂ 143, ವಿವರಣೆ 2. ಎದುರಿಗೆ ಕೂತವರು ‘ಇಕಿ ತಾನೇ ಒಪ್ಪಿ ಹೋಗ್ಯಾಳಲ್ಲ’ ಅಂದರೆ ಜಗಳ ಬೇಡ. ಚೀಟಿ ಮುಂದಿಟ್ಟು, ‘ಸರ್, ಇದನ್ನೊಂದು ಸಲ ಓದ್ರಿ’ ಅನ್ನಿ.

[ಪರದೆ ಮೇಲೆ: ಮಕ್ಕಳ ಸಹಾಯವಾಣಿ 1098. ಮಹಿಳಾ ಸಹಾಯವಾಣಿ 181. ತುರ್ತು 112. ರೈಲಿನಲ್ಲಿ 139. ಹಿನ್ನೆಲೆಯಲ್ಲಿ ಗಾಡಿ ಹೊರಡುವ ಸದ್ದು.]