ರೇಡಾರ್ ಡಿಟೆಕ್ಟರ್: ಅಮೆರಿಕದಲ್ಲಿ ಉಪಯೋಗ, ಊರಿಗೆ ತಂದರೆ ವ್ಯರ್ಥ

[ಪರದೆ: ಖಾಲಿ ಇಂಟರ್‌ಸ್ಟೇಟ್ ಹೆದ್ದಾರಿ. ಮುಂಭಾಗದ ಗಾಜಿಗೆ ಅಂಟಿಸಿದ ಕಪ್ಪು ಡಬ್ಬಿಯ ಮೇಲೆ "ಕೆಎ 34.7" ಮಿನುಗುತ್ತಿದೆ]

ನಮಸ್ಕಾರ. ಕಾರು ಓಡಿಸೋ ಹುಚ್ಚಿರೋರು ಪದೇ ಪದೇ ಕೇಳೋ ಪ್ರಶ್ನೆ: ಪೊಲೀಸರ ವೇಗ ಅಳೆಯೋ ರೇಡಾರ್ ಹತ್ತಿರದಲ್ಲಿದೆ ಅಂತ ಮೊದಲೇ ಕೂಗಿ ಹೇಳೋ ರೇಡಾರ್ ಡಿಟೆಕ್ಟರ್ ತಗೊಂಡ್ರೆ ದುಡ್ಡು ದಕ್ಕುತ್ತಾ? ಒಳ್ಳೆಯದಕ್ಕೆ ಹತ್ತಿರಹತ್ತಿರ 400ರಿಂದ 800 ಡಾಲರ್ ಆಗುತ್ತೆ. ಟೆಕ್ಸಾಸ್‌ನಲ್ಲೋ ಅರಿಜೋನಾದಲ್ಲೋ ಇದ್ದು, ಊರಾಚೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸೋರಾದರೆ ತಗೊಳ್ಳಿ, ಆದರೆ ಸೆಟ್ಟಿಂಗ್ ಕಲಿತುಕೊಳ್ಳಿ. ವರ್ಜೀನಿಯಾದಲ್ಲಿದ್ದರೆ ಮುಟ್ಟಲೇಬೇಡಿ. ಅಮೆರಿಕದಿಂದ ಅಣ್ಣ ಬರುವಾಗ ಒಂದು ತರಿಸಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹಾಕ್ಕೊಳ್ಳೋಣ ಅಂತಿದ್ದರೆ, ಆ ದುಡ್ಡಲ್ಲಿ ನಾಲ್ಕು ಒಳ್ಳೆ ಟೈರ್ ಹಾಕಿಸಿ. ಯಾಕೆ ಅಂತ ನೋಡೋಣ.

[ಗ್ರಾಫಿಕ್: ಗನ್‌ನಿಂದ ಹೊರಟ ಅಲೆ ಕಾರಿಗೆ ಬಡಿದು ಹಿಂತಿರುಗುತ್ತದೆ]

ಪೊಲೀಸರ ರೇಡಾರ್ ಗನ್ ಒಂದು ನಿಗದಿತ ಆವರ್ತನದ ಮೈಕ್ರೋವೇವ್ ಬಿಡುತ್ತೆ. ಓಡುತ್ತಿರೋ ಕಾರಿಗೆ ಬಡಿದು ವಾಪಸ್ ಬರುವಾಗ ಆ ಆವರ್ತನ ಚೂರು ಬದಲಾಗಿರುತ್ತೆ. 34.7 ಗಿಗಾಹರ್ಟ್ಸ್ ಗನ್‌ಗೆ ಎದುರಾಗಿ ನೀವು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಬದಲಾವಣೆ ಸುಮಾರು 6,400 ಹರ್ಟ್ಸ್. ವೇಗದ ಲೆಕ್ಕ ಅಲ್ಲಿಂದ ಬರುತ್ತೆ. ಡಿಟೆಕ್ಟರ್ ಏನನ್ನೂ ಅಳೆಯೋದಿಲ್ಲ, ಏನನ್ನೂ ತಡೆಯೋದೂ ಇಲ್ಲ. ಅದು ಆ ಅಲೆಗಳಿಗೆ ಕಿವಿಗೊಟ್ಟು ಕೂತಿರೋ ರಿಸೀವರ್, ಅಷ್ಟೇ.

ಅದಕ್ಕೆ ಸಿಗೋ ಅನುಕೂಲ ಏನು? ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಯಾರೋ ಟಾರ್ಚ್ ಹಿಡಿದು ನಿಮ್ಮನ್ನ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಅವರಿಗೆ ನೀವು ಕಾಣೋಕೆ ಬಹಳ ಮುಂಚೆ ಅವರ ಟಾರ್ಚ್ ನಿಮಗೆ ಕಾಣುತ್ತೆ. ವೇಗ ಅಳೆಯೋಕೆ ಅಲೆ ಕಾರಿನವರೆಗೆ ಹೋಗಿ ಗನ್‌ಗೆ ವಾಪಸ್ ಬರಬೇಕು, ಡಿಟೆಕ್ಟರ್‌ಗೆ ಒಂದು ಸಲ ಬಂದು ತಲುಪಿದರೆ ಸಾಕು. ದೂರ ಎರಡು ಪಟ್ಟಾದರೆ ಡಿಟೆಕ್ಟರ್‌ಗೆ ಸಿಗೋ ಸಿಗ್ನಲ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಗನ್‌ಗೆ ವಾಪಸ್ ಸಿಗೋದು ಹದಿನಾರನೇ ಒಂದು ಭಾಗ. ಹಾಗಾಗಿ ಸಮತಟ್ಟಾದ ನೇರ ರಸ್ತೆಯಲ್ಲಿ, ಗನ್ ಸದಾ ಆನ್ ಇದ್ದರೆ, ಕಿಲೋಮೀಟರುಗಟ್ಟಲೆ ಮುಂಚೆ ಸೂಚನೆ ಸಿಗಬಹುದು. ಗುಡ್ಡ ಅಡ್ಡ ಬಂದರೆ, ತಿರುವಿದ್ದರೆ ಅದು ಕೆಲವು ನೂರು ಮೀಟರಿಗೆ ಕುಸಿಯುತ್ತೆ.

[ಪರದೆ: ಎಕ್ಸ್ 10.525, ಕೆ 24.150, ಕೆಎ 33.8 / 34.7 / 35.5 ಗಿಗಾಹರ್ಟ್ಸ್]

ಅಮೆರಿಕದ ಪೊಲೀಸ್ ರೇಡಾರ್‌ಗಳಿಗೆ ಮೂರು ಬ್ಯಾಂಡ್, ಅಂದರೆ ಆವರ್ತನದ ಮೂರು ಪಟ್ಟಿ ಇವೆ. ಎಕ್ಸ್ ಹಳೆಯದು, ಈಗ ಪೊಲೀಸರು ಬಳಸೋದು ತೀರಾ ಕಡಿಮೆ. ಕೆ ಬ್ಯಾಂಡ್ ಇನ್ನೂ ಜೀವಂತ. ಆದರೆ ಅಂಗಡಿಗಳ ತಾನೇ ತೆರೆಯೋ ಬಾಗಿಲು, ಪಕ್ಕದ ಕಾರಿನ ಬ್ಲೈಂಡ್ ಸ್ಪಾಟ್ ಸೆನ್ಸರ್ (ಕನ್ನಡಿಗೆ ಕಾಣದ ವಾಹನ ಪತ್ತೆ ಮಾಡೋದು), ರಸ್ತೆ ಬದಿಯ ಟ್ರಾಫಿಕ್ ಸೆನ್ಸರ್ ಎಲ್ಲ ಇದೇ 24 ಗಿಗಾಹರ್ಟ್ಸ್‌ನಲ್ಲಿ ಕಿರುಚುತ್ತವೆ. ಹೊಸ ಕಾರುಗಳು 77 ಗಿಗಾಹರ್ಟ್ಸ್‌ಗೆ ಹೋಗುತ್ತಿವೆ, ಹಳೆಯವು ರಸ್ತೆ ಬಿಡೋಕೆ ಇನ್ನೂ ವರ್ಷಗಳು ಬೇಕು. ಕೆಎ ಬ್ಯಾಂಡ್ ಮಾತ್ರ ಸ್ವಚ್ಛ. ಅಲ್ಲಿ ಗಟ್ಟಿಯಾಗಿ, ಬಿಡದೆ ಕೂಗಿತು ಅಂದರೆ ಪೊಲೀಸರು ಅಂತಲೇ ತಿಳಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ.

ಆನ್‌ಲೈನ್‌ನಲ್ಲಿ "ಹದಿನಾರು ಬ್ಯಾಂಡ್" ಅಂತ ಬರೆದು 60 ಡಾಲರ್‌ಗೆ ಮಾರೋವು ಸಿಗುತ್ತವೆ. ಹದಿನಾರು ಬ್ಯಾಂಡ್ ಪೊಲೀಸರ ಹತ್ತಿರವೇ ಇಲ್ಲ. ಅವು ಬಾಗಿಲಿಗೆಲ್ಲ ಬೊಬ್ಬೆ ಹೊಡೆದು, ಕೆಎ ಬಂದಾಗ ತಡವಾಗಿ ಎದ್ದೇಳುತ್ತವೆ.

[ಪರದೆ: ಮರದ ನೆರಳಲ್ಲಿ ನಿಂತ ಪೊಲೀಸ್ ಕಾರು, ಆಂಟೆನಾ ಸುಮ್ಮನಿದೆ]

ಈಗ ಡಿಟೆಕ್ಟರ್ ಸೋಲುವ ಜಾಗಗಳು. ಮೊದಲನೆಯದು ಇನ್‌ಸ್ಟಂಟ್-ಆನ್. ಗನ್ ಸ್ಟ್ಯಾಂಡ್‌ಬೈನಲ್ಲಿ ಇರುತ್ತೆ, ಅಲೆ ಬಿಡೋದಿಲ್ಲ. ನೀವು ಹತ್ತಿರ ಬಂದಾಗ ಗುಂಡಿ ಒತ್ತುತ್ತಾರೆ, ಒಂದೆರಡು ಕ್ಷಣದಲ್ಲಿ ವೇಗ ದಾಖಲಾಗುತ್ತೆ. ಡಿಟೆಕ್ಟರ್ ಕೂಗುತ್ತೆ, ಕೂಗಿ ಪ್ರಯೋಜನ ಇಲ್ಲ. ಲೆಕ್ಕ ಹಾಕಿ. ಗಂಟೆಗೆ 130 ಕಿ.ಮೀ.ನಲ್ಲಿ ಹೋಗುವಾಗ ಕಾರು ಸೆಕೆಂಡಿಗೆ 36 ಮೀಟರ್ ಮುಂದೆ ಹೋಗುತ್ತೆ. ಸದ್ದು ಕೇಳಿ ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದರೆ 54 ಮೀಟರ್. ಹಿಂದಿನವರು ಬಂದು ಗುದ್ದದ ಹಾಗೆ ಹದವಾಗಿ ಬ್ರೇಕ್ ಹಾಕಿ 100ಕ್ಕೆ ಇಳಿಸೋಕೆ ಇನ್ನು 90 ಮೀಟರ್. ಒಟ್ಟು 140 ಮೀಟರಿಗೂ ಮೇಲೆ, ನಾಲ್ಕು ಸೆಕೆಂಡಿಗೂ ಹೆಚ್ಚು. ಗನ್‌ಗೆ ಅಷ್ಟು ಹೊತ್ತು ಬೇಡ.

ಇದಕ್ಕೆ ಇರೋ ಒಂದೇ ದಾರಿ: ನಿಮ್ಮ ಮುಂದೆ ಅರ್ಧ ಕಿಲೋಮೀಟರೋ ಒಂದು ಕಿಲೋಮೀಟರೋ ದೂರದಲ್ಲಿ ಇನ್ನೊಂದು ಕಾರು ನಿಮಗಿಂತ ಜೋರಾಗಿ ಹೋಗುತ್ತಿರಬೇಕು. ಅದರ ಮೇಲೆ ಬಿಟ್ಟ ಅಲೆ ನಿಮಗೆ ತಲುಪುತ್ತೆ. ಕೆಎಯಲ್ಲಿ ಒಂದು ಸೆಕೆಂಡ್ ಕೂಗಿ ಸುಮ್ಮನಾಯಿತು ಅಂದರೆ ಸುಳ್ಳು ಸೂಚನೆ ಅಂತ ತಳ್ಳಿಹಾಕಬೇಡಿ. ಮುಂದಿನವರನ್ನ ಈಗಷ್ಟೇ ಅಳೆದರು, ಮುಂದಿನ ಸರದಿ ನಿಮ್ಮದು. ರಾತ್ರಿ ಒಂಟಿಯಾಗಿ ಓಡಿಸುವಾಗ ಈ ರಕ್ಷಣೆ ಇಲ್ಲ.

ಎರಡನೆಯದು ಲೇಸರ್ ಗನ್. ತರಂಗಾಂತರ ಸುಮಾರು 904 ನ್ಯಾನೋಮೀಟರ್, ಕಣ್ಣಿಗೆ ಕಾಣದ ಬೆಳಕು. 300 ಮೀಟರ್ ದೂರದಲ್ಲೂ ಆ ಕಿರಣದ ಅಗಲ ಒಂದು ಮೀಟರಿನ ಆಸುಪಾಸು. ಗುರಿ ಇಡೋದು ನಂಬರ್ ಪ್ಲೇಟಿಗೆ ಅಥವಾ ಹೆಡ್‌ಲೈಟಿಗೆ. ನಿಮ್ಮ ಡಿಟೆಕ್ಟರ್ ಇರೋದು ಗಾಜಿನ ಮೇಲ್ತುದಿಯಲ್ಲಿ. ಚದುರಿದ ಬೆಳಕು ಸಿಕ್ಕಿದರೆ ಪುಣ್ಯ, ಸಿಕ್ಕಿದರೂ ಅರ್ಧ ಸೆಕೆಂಡಿನೊಳಗೆ ಅವರ ಕೆಲಸ ಮುಗಿದಿರುತ್ತೆ. ಡಬ್ಬಿಯ ಮೇಲೆ "ಲೇಸರ್ ಪತ್ತೆ" ಅಂತ ಬರೆದಿರೋದು ನಿಜ, ಆದರೆ ಅದನ್ನ ನೋಡಿ ದುಡ್ಡು ಕೊಡಬೇಡಿ. ಲೇಸರ್ ತಡೆಯೋ ಜಾಮರ್‌ಗಳು ಬೇರೆ ಇವೆ, ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಇಲಿನಾಯ್ ಸೇರಿ ಹಲವು ರಾಜ್ಯಗಳಲ್ಲಿ ನಿಷೇಧ. ರೇಡಾರ್ ಜಾಮರ್ ಅಂತೂ ಇಡೀ ದೇಶದಲ್ಲಿ ಅಪರಾಧ.

[ಪರದೆ: ಮೂರು ಮಾದರಿಗಳು ಪಕ್ಕಪಕ್ಕದಲ್ಲಿ]

ಇಷ್ಟೆಲ್ಲ ತಿಳಿದೂ ಬೇಕು ಅನ್ನೋರಿಗೆ: 1992ರಿಂದ ಬಂದಿರೋ ವ್ಯಾಲೆಂಟೈನ್ ಒನ್ ಸಾಲಿನದು, ಯುನಿಡೆನ್ ಆರ್8, ಎಸ್ಕಾರ್ಟ್ ರೆಡ್‌ಲೈನ್ 360ಸಿ, ಈ ಮೂರರಲ್ಲೂ ಮುಂದೆ–ಹಿಂದೆ ಎರಡು ಆಂಟೆನಾ ಇದ್ದು ಸಿಗ್ನಲ್ ಯಾವ ಕಡೆಯಿಂದ ಅಂತ ಬಾಣ ತೋರಿಸುತ್ತವೆ. ಬಾಣ ಶೋಕಿ ಅಲ್ಲ. ದಾಟಿ ಬಂದ ಗನ್ ಹಿಂದಿನಿಂದ ಕೂಗುತ್ತಿದೆಯೋ, ಮುಂದೆ ಇನ್ನೊಂದು ಇದೆಯೋ ಅಂತ ಬಾಣ ಇಲ್ಲದೆ ಗೊತ್ತಾಗೋದು ಕಷ್ಟ. ಬಜೆಟ್ ಕಡಿಮೆ ಇದ್ದರೆ ಬಾಣ ಇಲ್ಲದ, ಜಿಪಿಎಸ್ ಇರೋ ಯುನಿಡೆನ್ ಆರ್4 ಸಾಕು. ಜಿಪಿಎಸ್ ಯಾಕೆ ಅಂದರೆ, ದಿನಾ ಹೋಗೋ ದಾರಿಯ ಅಂಗಡಿ ಬಾಗಿಲನ್ನ ಅದು ನೆನಪಿಟ್ಟುಕೊಂಡು ಮುಂದಿನ ಸಲ ಸುಮ್ಮನಿರುತ್ತೆ. ವ್ಯಾಲೆಂಟೈನ್‌ನಲ್ಲಿ ಈ ಕೆಲಸಕ್ಕೆ ಫೋನಿನ ಆ್ಯಪ್ ಬೇಕು.

ತಂದ ದಿನವೇ ಮಾಡಬೇಕಾದ ಸೆಟ್ಟಿಂಗ್: ನಿಮ್ಮ ರಾಜ್ಯದಲ್ಲಿ ಬಳಕೆ ಇಲ್ಲದಿದ್ದರೆ ಎಕ್ಸ್ ಬ್ಯಾಂಡ್ ಆಫ್. ಕೆಎಯನ್ನ 33.8, 34.7, 35.5ರ ಆಸುಪಾಸಿಗೆ ಸೀಮಿತಗೊಳಿಸಿ. ತೀರಾ ಬಿಗಿ ಮಾಡಬೇಡಿ, ಟ್ಯೂನಿಂಗ್ ತುಸು ಜಾರಿದ ಹಳೆ ಗನ್ ತಪ್ಪಿಹೋಗುತ್ತೆ. ಬ್ಲೈಂಡ್ ಸ್ಪಾಟ್ ಫಿಲ್ಟರ್ ಆನ್ ಮಾಡಿ, ಆದರೆ ಅದು ಕೆ ಬ್ಯಾಂಡ್ ಸೂಚನೆಯನ್ನ ಸ್ವಲ್ಪ ತಡ ಮಾಡುತ್ತೆ ಅನ್ನೋದು ನೆನಪಿರಲಿ. ಕಡಿಮೆ ವೇಗದಲ್ಲಿ ಸದ್ದು ಮ್ಯೂಟ್ ಆಗೋ ಹಾಗೆ ಇಡಿ. ಕೆಲವು ಊರುಗಳ ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ತೀರಾ ಕಡಿಮೆ ಶಕ್ತಿಯ 24 ಗಿಗಾಹರ್ಟ್ಸ್ ರೇಡಾರ್ ಇರುತ್ತೆ. ಅದಕ್ಕಿರೋ ಎಂಆರ್‌ಸಿಡಿ ಆಯ್ಕೆಯನ್ನ ಅಂಥ ಕ್ಯಾಮೆರಾ ಇರೋ ಊರಲ್ಲಿ ಮಾತ್ರ ಹಾಕಿ, ಇಲ್ಲದಿದ್ದರೆ ಸುಳ್ಳು ಕೂಗು ಹೆಚ್ಚುತ್ತೆ. ಇಷ್ಟು ಮಾಡದೆ ಓಡಿಸೋರು ತಿಂಗಳೊಳಗೆ ಕಿರಿಕಿರಿಯಾಗಿ ಡ್ಯಾಶ್‌ಬೋರ್ಡ್ ಡ್ರಾಯರಿಗೆ ಎಸೆಯುತ್ತಾರೆ.

[ಪರದೆ: ರಿಯರ್‌ವ್ಯೂ ಕನ್ನಡಿ ಪಕ್ಕ ಡಿಟೆಕ್ಟರ್ ಕೂರಿಸುವ ಹತ್ತಿರದ ದೃಶ್ಯ]

ಕೂರಿಸೋ ಜಾಗ ಕನ್ನಡಿಯ ಪಕ್ಕ, ಮೇಲೆ, ರಸ್ತೆಗೆ ಸಮತಲವಾಗಿ. ವೈಪರ್, ಗಾಜಿನ ಮೇಲ್ಪಟ್ಟಿ ಅಡ್ಡ ಬರಬಾರದು. ಕೆಲವು ದುಬಾರಿ ಕಾರುಗಳ ಗಾಜಿಗೆ ಬಿಸಿಲು ತಡೆಯೋ ಲೋಹದ ಲೇಪ ಇರುತ್ತೆ, ಅದರ ಹಿಂದೆ ಡಿಟೆಕ್ಟರ್ ಅರೆ ಕಿವುಡು. ಟೋಲ್ ಟ್ಯಾಗ್ ಅಂಟಿಸೋಕೆ ಅಂತ ಕನ್ನಡಿ ಬಳಿ ಲೇಪ ಇಲ್ಲದ ಚಿಕ್ಕ ಜಾಗ ಬಿಟ್ಟಿದ್ದರೆ ಅಲ್ಲೇ ಕೂರಿಸಿ. ಕ್ಯಾಲಿಫೋರ್ನಿಯಾ ಮತ್ತು ಮಿನೆಸೋಟಾದಲ್ಲಿ ಗಾಜಿಗೆ ಏನು, ಎಲ್ಲಿ ಅಂಟಿಸಬಹುದು ಅನ್ನೋದಕ್ಕೇ ನಿರ್ಬಂಧ ಇದೆ.

ವೈರ್ ಮುಚ್ಚಿಡೋದಾದರೆ, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರೋ ಫ್ಯೂಸನ್ನ ಮಲ್ಟಿಮೀಟರ್ ಹಿಡಿದು ಹುಡುಕಿ. ಆ ಜಾಗದಲ್ಲಿ ಆಡ್-ಎ-ಫ್ಯೂಸ್ (ಇರೋ ಫ್ಯೂಸಿನ ಜಾಗದಿಂದಲೇ ಇನ್ನೊಂದು ವೈರ್ ತೆಗೆಯೋ ಅಡಾಪ್ಟರ್) ಹಾಕಿ ಅದರಲ್ಲಿ 2 ಆಂಪಿಯರ್ ಫ್ಯೂಸ್ ಇಡಿ, ನೆಗೆಟಿವ್ ವೈರನ್ನ ಬಾಡಿಯ ಲೋಹದ ಬೋಲ್ಟಿಗೆ ಬಿಗಿಯಿರಿ. ಏರ್‌ಬ್ಯಾಗ್ ಮತ್ತು ಎಬಿಎಸ್ ಫ್ಯೂಸುಗಳನ್ನ ಮುಟ್ಟಬೇಡಿ. ಗಾಜಿನ ಪಕ್ಕದ ಕಂಬದೊಳಗೆ ವೈರ್ ಎಳೆಯುವಾಗ ಅಲ್ಲಿರೋ ಕರ್ಟನ್ ಏರ್‌ಬ್ಯಾಗಿನ ಹಿಂದಿನಿಂದ ಎಳೆಯಬೇಕು. ಮುಂದಿನಿಂದ ಎಳೆದರೆ ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ವೈರ್ ಅಡ್ಡ ಬರುತ್ತೆ. ಈ ಕೆಲಸದಲ್ಲಿ ಜನ ಮಾಡೋ ಅತಿ ಅಪಾಯದ ತಪ್ಪು ಇದೇ.

[ಪರದೆ: ಅಮೆರಿಕದ ನಕ್ಷೆ, ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ. ಕೆಂಪು]

ಕಾನೂನು. ಖಾಸಗಿ ಕಾರಿನಲ್ಲಿ ವರ್ಜೀನಿಯಾ ಮತ್ತು ವಾಷಿಂಗ್ಟನ್ ಡಿ.ಸಿ. ಬಿಟ್ಟು ಎಲ್ಲ ಕಡೆ ನಡೆಯುತ್ತೆ. ಮಿಲಿಟರಿ ನೆಲೆಗಳೊಳಗೆ ಇಲ್ಲ, ಭಾರಿ ವಾಣಿಜ್ಯ ವಾಹನಗಳಲ್ಲಿ ದೇಶದಾದ್ಯಂತ ಇಲ್ಲ. ವರ್ಜೀನಿಯಾದ ಬಗ್ಗೆ ಸ್ವಲ್ಪ ನಿಲ್ಲಬೇಕು, ಆ ಕಡೆ ನಮ್ಮವರು ಬಹಳ ಜನ ಇದ್ದಾರೆ. ಅಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು ಅಥವಾ ಮಿತಿ ಎಷ್ಟೇ ಇರಲಿ 85 ಮೈಲಿ ದಾಟಿದರೆ ಅದು ಬರೀ ಟಿಕೆಟ್ ಅಲ್ಲ, ರೆಕ್ಲೆಸ್ ಡ್ರೈವಿಂಗ್ ಅನ್ನೋ ಕ್ರಿಮಿನಲ್ ಅಪರಾಧ. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. 70ರ ರಸ್ತೆಯಲ್ಲಿ 86ಕ್ಕೇ ಅಲ್ಲಿಗೆ ತಲುಪಿರುತ್ತೀರಿ. ಎಚ್-1ಬಿ ಕೆಲಸದ ವೀಸಾ ಮೇಲಿರೋರು ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್‌ಗೆ ಬರುವಾಗ ತುಂಬೋ ಡಿಎಸ್-160 ಅರ್ಜಿಯಲ್ಲಿ ಬಂಧನ, ಶಿಕ್ಷೆ ಬಗ್ಗೆ ನೇರ ಪ್ರಶ್ನೆ ಇದೆ. ಬೇರೆ ರಾಜ್ಯದಿಂದ ವರ್ಜೀನಿಯಾ ದಾಟೋದಾದರೆ ಗಡಿಗೆ ಮುಂಚೆ ಡಿಟೆಕ್ಟರಿನ ವೈರ್ ಕಿತ್ತು, ಕೈಗೆ ಸಿಗದ ಹಾಗೆ ಡಿಕ್ಕಿಯಲ್ಲಿಡಿ. ವಿದ್ಯುತ್ ಸಂಪರ್ಕ ಇರಬಾರದು, ಕಾರೊಳಗೆ ಕೂತವರ ಕೈಗೂ ಎಟುಕಬಾರದು ಅನ್ನೋದೇ ಅಲ್ಲಿನ ಷರತ್ತು. ಬಚ್ಚಿಟ್ಟು ಬಳಸಬಹುದಲ್ಲ ಅಂದರೆ, ಡಿಟೆಕ್ಟರ್ ಒಳಗೆ ಸಿಗ್ನಲ್ ಹಿಡಿಯೋಕೆ ತಾನೇ ಅಲೆ ಹುಟ್ಟಿಸೋ ಲೋಕಲ್ ಆಸಿಲೇಟರ್ ಅನ್ನೋ ಭಾಗದಿಂದ ಅಲೆ ತುಸು ಹೊರಗೆ ಸೋರುತ್ತೆ. ಅದನ್ನೇ ಹಿಡಿಯೋ ಉಪಕರಣ ಪೊಲೀಸರ ಹತ್ತಿರ ಇದೆ.

ಕೆನಡಾದಲ್ಲಿ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ, ಸಸ್ಕಾಚೆವಾನ್ ಬಿಟ್ಟರೆ ಪ್ರಾಂತ್ಯಗಳಲ್ಲಿ ನಿಷೇಧ. ಟೊರಾಂಟೊದವರು ಕಾರಲ್ಲಿ ಸುಮ್ಮನೆ ಇಟ್ಟುಕೊಂಡಿದ್ದರೂ ತಪ್ಪು. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಯುಎಇಗಳಲ್ಲೂ ಬಳಸೋ ಹಾಗಿಲ್ಲ. ಬ್ರಿಟನ್‌ನಲ್ಲಿ ಅನುಮತಿ ಇದೆ.

[ಪರದೆ: ಬೆಂಗಳೂರು–ಮೈಸೂರು ಹೆದ್ದಾರಿಯ ಗ್ಯಾಂಟ್ರಿ (ರಸ್ತೆಗೆ ಅಡ್ಡಲಾಗಿ ಮೇಲೆ ನಿಲ್ಲಿಸಿದ ಲೋಹದ ಚೌಕಟ್ಟು) ಮೇಲಿನ ಕ್ಯಾಮೆರಾ]

ಇನ್ನು ನಮ್ಮ ಊರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ 100. ಅಲ್ಲಿ ಹಿಡಿಯೋದು ನಂಬರ್ ಪ್ಲೇಟ್ ಓದೋ ಕ್ಯಾಮೆರಾ. ಕ್ಯಾಮೆರಾ ಚಿತ್ರದಿಂದಲೇ ವೇಗ ಲೆಕ್ಕ ಹಾಕಿದರೆ ಕೇಳಿಸಿಕೊಳ್ಳೋಕೆ ಅಲೆಯೇ ಇಲ್ಲ. ಗ್ಯಾಂಟ್ರಿ ಮೇಲೆ ರೇಡಾರ್ ಇದ್ದರೂ ಅದು ಕೆಳಮುಖವಾಗಿ, ಕಡಿಮೆ ಶಕ್ತಿಯಲ್ಲಿ, ಹತ್ತಿರದ ರಸ್ತೆಯನ್ನ ಮಾತ್ರ ನೋಡುತ್ತೆ. ಎರಡು ಜಾಗದ ನಡುವಿನ ಸರಾಸರಿ ವೇಗ ತೆಗೆದರಂತೂ ಮುಗಿಯಿತು. 20 ಕಿ.ಮೀ.ಯನ್ನ 12 ನಿಮಿಷದೊಳಗೆ ದಾಟಿದ್ದೀರಿ ಅಂದರೆ 100 ಮೀರಿದ್ದೀರಿ. ಇದನ್ನ ಯಾವ ಡಬ್ಬಿಯೂ ಕೂಗಿ ಹೇಳಲ್ಲ. ರಸ್ತೆ ಬದಿ ನಿಲ್ಲೋ ಪೊಲೀಸರ ಇಂಟರ್‌ಸೆಪ್ಟರ್ ವಾಹನಗಳಲ್ಲಿ ಸಾಮಾನ್ಯವಾಗಿ ಇರೋದು ಲೇಸರ್ ಗನ್, ಅದರ ಕಥೆ ಆಗಲೇ ಹೇಳಿದ್ದೇವೆ.

ಅದಕ್ಕಿಂತ ತಮಾಷೆ ಏನಂದರೆ, 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ, ಕ್ಯಾಮೆರಾ ನಿಗಾ ಇರೋ ರಸ್ತೆಯಲ್ಲಿ ಮುಂಚಿತವಾಗಿ ಎದ್ದುಕಾಣೋ ಫಲಕ ಹಾಕಲೇಬೇಕು. ಗೂಗಲ್ ಮ್ಯಾಪ್ಸ್ 2019ರಿಂದ ಭಾರತದಲ್ಲಿ ಸ್ಪೀಡ್ ಕ್ಯಾಮೆರಾ ತೋರಿಸುತ್ತಿದೆ. ಫಲಕವೂ ಪುಕ್ಕಟೆ, ಆ್ಯಪೂ ಪುಕ್ಕಟೆ. ಅದೇ ನಿಯಮದಲ್ಲಿ, ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತಲೂ ಇದೆ. ಕಾರಿನ ಆರ್‌ಸಿಗೆ ಜೋಡಿಸಿರೋ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಮೊದಲು ಅದನ್ನ ಬದಲಿಸಿ. ಸಣ್ಣ ಕಾರಿಗೆ ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ದಂಡ 1,000ದಿಂದ 2,000 ರೂಪಾಯಿ, ಎರಡನೇ ಸಲಕ್ಕೆ ಲೈಸೆನ್ಸ್ ಜಪ್ತಿಗೂ ಅವಕಾಶ ಇದೆ. 130 ದಾಟಿದರೆ ಎಫ್‌ಐಆರ್ ಅಂತ ಕರ್ನಾಟಕ ಪೊಲೀಸರು 2024ರಲ್ಲೇ ಘೋಷಿಸಿದ್ದಾರೆ.

ನಿಜವಾಗಲೂ ವೇಗದ ಖುಷಿಯೇ ಬೇಕಿದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಎರಡೂ ಬೆಂಗಳೂರಿನಿಂದ ಒಂದು ದಿನದ ಹಾದಿಯೊಳಗೆ ಇವೆ. ಟ್ರ್ಯಾಕ್ ಡೇಗೆ ಹೋಗೋ ಮುಂಚೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಹಳೆಯದು ತೇವ ಹೀರಿಕೊಂಡಿರುತ್ತೆ, ನಾಲ್ಕೈದು ಸುತ್ತಿಗೇ ಕುದಿದು ಪೆಡಲ್ ಮೆತ್ತಗಾಗುತ್ತೆ.