ಬೆಂಗಳೂರು ಕೋಟೆಯ ದೆಹಲಿ ಬಾಗಿಲು

ಎಲ್ಲರಿಗೂ ನಮಸ್ಕಾರ. ಕೆ.ಆರ್. ಮಾರ್ಕೆಟ್ ಹತ್ತಿರ ಬಸ್ಸಿಗೆ ಕಾದವರೆಲ್ಲ ಈ ಕೋಟೆ ಗೋಡೆ ನೋಡಿರುತ್ತೀರಿ. ಒಳಗೆ ಹೋದವರು ಮಾತ್ರ ಕಡಿಮೆ, ಅಲ್ವಾ?

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಇವತ್ತು ನಮಗೆ ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಒಂದಿಷ್ಟು ಗೋಡೆ, ಅಷ್ಟೇ. ಕೋಟೆ ಎಷ್ಟು ದೊಡ್ಡದಿತ್ತು ಅಂತ ತಿಳಿಯಬೇಕಾದರೆ ಸುಮ್ನೆ ಆಚೆ ನಡೆಯಿರಿ. ಟಿಪ್ಪು ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ ಎಲ್ಲವೂ ಇದರ ಒಳಗೇ ಇದ್ದವು.

ಈಗ ಬಾಗಿಲ ಮುಂದೆ ನಿಲ್ಲೋಣ. ಆಳೆತ್ತರ ಮೀರಿದ ಮರದ ಕದ, ಮೈತುಂಬ ಕಬ್ಬಿಣದ ಮುಳ್ಳುಮೊಳೆ. ಆನೆ ಹಣೆ ಕೊಟ್ಟು ನೂಕಬಾರದು ಅಂತ ಇಂಥ ಮೊಳೆ ಹೊಡೆಯುತ್ತಿದ್ದರು. ಕದದಲ್ಲೇ ಒಂದು ದಿಡ್ಡಿ ಬಾಗಿಲಿದೆ. ಅದರಲ್ಲಿ ನುಗ್ಗುವವನು ತಲೆ ಬಗ್ಗಿಸಿಯೇ ಬರಬೇಕು, ಒಬ್ಬೊಬ್ಬನಾಗಿ. ಒಳಗಿನ ಕಾವಲುಗಾರನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು! ಒಳಗೊಂದು ಗಣಪತಿ ಗುಡಿಯೂ ಇದೆ.

ಬಾಗಿಲು ಅಂದರೆ ಕೋಟೆಯ ಬಲ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಕೋಟೆಯ ಬಲಹೀನ ಜಾಗ. ಗೋಡೆಯಲ್ಲಿ ತೂತು ಬಿಟ್ಟ ಮೇಲೆ, ಆ ತೂತು ಕಾಯುವುದಕ್ಕೇ ಇಷ್ಟೆಲ್ಲ ಸರಂಜಾಮು.

1791ರಲ್ಲಿ ಇದು ಗೊತ್ತಾಯಿತು. ಮಾರ್ಚ್ 7ರಂದು, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಕೋಟೆಯ ಪಕ್ಕದ ಊರಾದ ಪೇಟೆಯ ಮೇಲೆ ಬಿತ್ತು. ಪೇಟೆಗೂ ಕಂದಕ, ಮುಳ್ಳುಪೊದೆಯ ಬೇಲಿ ಇದ್ದವು. ಹಲಸೂರು ಬಾಗಿಲಲ್ಲಿ ಭಾರಿ ಕಾದಾಟ. ಬ್ರಿಟಿಷರ ಕರ್ನಲ್ ಮೂರ್‌ಹೌಸ್ ಅಲ್ಲೇ ಸತ್ತ. ಫಿರಂಗಿಯಿಂದ ಎಷ್ಟು ಹೊಡೆದರೂ ಕದದಲ್ಲಿ ಬಿದ್ದದ್ದು ಸಣ್ಣ ಕಿಂಡಿ. ಕೊನೆಗೆ ಕುಳ್ಳಗಿದ್ದ ಒಬ್ಬ ಅಧಿಕಾರಿಯೇ ಅದರಲ್ಲಿ ತೂರಿಕೊಂಡು ಮೊದಲು ಒಳಗೆ ಹೋದನಂತೆ. ಆ ಬಾಗಿಲು ಈಗಿಲ್ಲ. ಹೆಸರು ಮಾತ್ರ ಹಲಸೂರು ಗೇಟ್ ಪೊಲೀಸ್ ಸ್ಟೇಷನ್ ಬೋರ್ಡಿನ ಮೇಲಿದೆ.

ಎರಡು ವಾರ ಕಳೆದ ಮೇಲೆ, ಮಾರ್ಚ್ 21ರ ರಾತ್ರಿ, ಕೋಟೆಯ ಸರದಿ. ಈ ಸಲ ಅವರು ಬಾಗಿಲಿನ ಸಹವಾಸಕ್ಕೇ ಹೋಗಲಿಲ್ಲ. ಪಕ್ಕದ ಗೋಡೆಯನ್ನು ಫಿರಂಗಿಯಿಂದ ಒಡೆದು, ಬೆಳದಿಂಗಳಲ್ಲಿ ಹತ್ತಿಬಂದರು. ಪೇಟೆಯಲ್ಲಿ ತಿಂದ ಪೆಟ್ಟು ನೆನಪಿದ್ದಿರಬೇಕು. ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹದ್ದೂರ್ ಖಾನ್ ಹೋರಾಡುತ್ತಲೇ ಪ್ರಾಣ ಬಿಟ್ಟ.

ಗೋಡೆ ಒಡೆದ ಜಾಗದಲ್ಲಿ ಬ್ರಿಟಿಷರು ಒಂದು ಕಲ್ಲಿನ ಫಲಕ ಹಾಕಿಸಿದ್ದಾರೆ. ಅದು ಗೋಡೆಯ ಹೊರಮೈಯಲ್ಲಿದೆ. ಅದಕ್ಕೇ ಬಾಗಿಲು ನೋಡಿ ಹಾಗೇ ವಾಪಸ್ ಹೋಗುವವರ ಕಣ್ಣಿಗೆ ಬೀಳುವುದಿಲ್ಲ. ಉಳಿದ ಕೋಟೆಯನ್ನು ಕೆಡವಿದ್ದು ಫಿರಂಗಿ ಅಲ್ಲ, ಆಮೇಲೆ ಬೆಳೆದ ಊರು. ರಸ್ತೆ ಬೇಕಾಯಿತು, ಆಸ್ಪತ್ರೆ, ಕಾಲೇಜು ಬೇಕಾದವು. ದಕ್ಷಿಣದ ಮೈಸೂರು ಬಾಗಿಲು ಹೋದದ್ದೂ ಹಾಗೆಯೇ.

ಈಗ ಪ್ರಶ್ನೆಗಳಿದ್ದರೆ ಕೇಳಿ.